ಬೀಳಕ್ಕನ ಮೆತ್ತೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಕಿಟಕಿಯಿಲ್ಲದ ಹಳೆಯ ಗೋದಾಮಿನಲ್ಲಿ ಹೆಂಗಸೊಬ್ಬರು ಮೈಗಂಟಿದ ಕಪ್ಪು ಉಡುಪು ತೊಟ್ಟು ನಿಂತಿದ್ದಾರೆ. ಉಡುಪಿನ ತುಂಬ ಬಟಾಣಿ ಗಾತ್ರದ ಬಿಳಿ ಮಣಿಗಳು. ಸುತ್ತಲಿನ ಕ್ಯಾಮೆರಾಗಳಿಗೆ ಬೇಕಿರುವುದು ಆ ಮಣಿಗಳ ಚಲನೆ, ಅವರ ಮುಖವಲ್ಲ. ಅವರು ಬೀಳುತ್ತಾರೆ, ಏಳುತ್ತಾರೆ, ಮತ್ತೆ ಬೀಳುತ್ತಾರೆ.

ಇಲ್ಲಿ ಅವರು ಎಲ್ಲರಿಗೂ ‘ಬೀಳಕ್ಕ’. ತಯಾರಾಗುತ್ತಿರುವುದು ಗುಂಡಿನ ಕಾಳಗದ ವಿಡಿಯೋ ಗೇಮ್; ಮಣಿಗಳ ಚಲನೆಯನ್ನೇ ಕಂಪ್ಯೂಟರು ಅದರ ಪಾತ್ರಗಳಿಗೆ ತೊಡಿಸುತ್ತದೆ. ಆಡುವವರು ನಾಯಕನ ಬೆನ್ನ ಹಿಂದೆಯೇ ಸಾಗುತ್ತಾರೆ. ಬಟನ್ ಒತ್ತಿದರೆ ಮಂತ್ರದ ಕೋಲು ಆಡಿಸಿದಂತೆ ಕಾಲವೇ ಮಂದವಾಗಿ, ಹಾರಿದ ಗುಂಡೂ ಗಾಳಿಯಲ್ಲಿ ತೇಲುತ್ತದೆ. ಆಗ ಜಿಗಿಯುವ ನಾಯಕನ ಮೈಯೂ ಬೀಳಕ್ಕನದೇ, ಸಾಯುವ ವೈರಿಗಳ ಮೈಯೂ ಅವರದೇ.

“ನನ್ನನ್ನ ನಾನೇ ಕೊಂದ್ಕೊಂಡು ಹೊಟ್ಟೆ ಹೊರೀತೀನಿ,” ಎನ್ನುತ್ತಾರೆ, ನಗದೆ.

ಹುಟ್ಟಿದ್ದು ಸರ್ಕಸ್ಸಿನ ಡೇರೆಯಲ್ಲಿ. ಉಯ್ಯಾಲೆಯಿಂದ ಉಯ್ಯಾಲೆಗೆ ಹಾರಲು ಕಲಿಸಿದವನು ಅಣ್ಣ. ಕೈಬಿಡುವ ಮುನ್ನ ಕೆಳಗಿನ ಬಲೆಯನ್ನೊಮ್ಮೆ ನೋಡಿಕೊಳ್ಳಬೇಕು ಎಂಬುದು ಅವನ ಮೊದಲ ಪಾಠ. ಒಂದು ಸಂಜೆ ಅವನೇ ನೋಡಲಿಲ್ಲ; ಬಲೆಯ ಮೂಲೆ ಕಳಚಿತ್ತು. ಅಂದು ನಡು ಮುರಿದವನು ಇಂದಿಗೂ ಹಾಸಿಗೆ ಬಿಟ್ಟೆದ್ದಿಲ್ಲ. ಆ ಮನೆಯ ಒಲೆ ಉರಿಯುವುದು ತಂಗಿ ಬಿದ್ದರೆ ಮಾತ್ರ.

ಆದರೆ ಅಣ್ಣ ಕಲಿಸಿದ ಆ ನೋಟವೇ ಈಗ ಮುಳುವಾಗಿದೆ. ಆಟ ಓಡುವಾಗ ಅದು ಯಾರಿಗೂ ಕಾಣದು. ಕಾಲ ಮಂದವಾದೊಡನೆ ಎದ್ದು ಕಾಣುತ್ತದೆ: ಎದೆಗೆ ಗುಂಡು ತಗಲಿದವನು ಮೊದಲು ಕತ್ತು ಬಗ್ಗಿಸಿ, ಎಲ್ಲಿ ಬೀಳಲಿ ಎಂದು ಜಾಗ ಹುಡುಕುತ್ತಾನೆ. ಈ ಬೆಳಗ್ಗೆಯೂ ತಿದ್ದದಿದ್ದರೆ ಬೀಳುವುದನ್ನೆಲ್ಲ ಕಂಪ್ಯೂಟರಿಗೇ ಒಪ್ಪಿಸುವುದಾಗಿ ನಿರ್ದೇಶಕ ಮೆಲುದನಿಯಲ್ಲೇ ಹೇಳಿದ್ದಾನೆ.

ಬೀಳಕ್ಕ ಎತ್ತರದ ಕಟ್ಟೆ ಹತ್ತಿ ಅಂಚಿನ ಕಂಬಿ ಹಿಡಿಯುತ್ತಾರೆ. ಕತ್ತು ತಾನಾಗಿಯೇ ಬಗ್ಗುತ್ತದೆ. ಮತ್ತೊಮ್ಮೆ, ಮತ್ತೂ ಬಗ್ಗುತ್ತದೆ. ಕೆಳಗೆ ದಪ್ಪ ಮೆತ್ತೆಗಳನ್ನು ಜೋಡಿಸುತ್ತಿರುವವರು ಅವರ ಅತ್ತಿಗೆ, ಅದೇ ಅಣ್ಣನ ಹೆಂಡತಿ. ಆಕೆ ಮೂಲೆ ಮೂಲೆಯನ್ನೂ ಅದುಮಿ ನೋಡಿ, ಸೊಂಟಕ್ಕೆ ಕೈಯಿಟ್ಟು ನಿಲ್ಲುತ್ತಾರೆ.

“ನನ್ ಗಂಡನಿಗೆ ಬಲೆ ಕಟ್ಟಿದ್ದು ಯಾರೋ ಕಣೆ. ನಿಂಗೆ ಹಾಸಿರೋಳು ನಾನು. ಕತ್ತೆತ್ತು.”

ನಾದಿನಿ ಸೂರಿನತ್ತ ಕಣ್ಣು ನೆಟ್ಟು ಕೈಬಿಡುತ್ತಾರೆ.

ಪರದೆಯ ಮೇಲೆ ಬಿಳಿ ಚುಕ್ಕಿಗಳ ಒಂದು ದೇಹ ಮೆಲ್ಲಗೆ ಇಳಿಯುತ್ತದೆ. ಕತ್ತು ಬಗ್ಗುವುದಿಲ್ಲ. ನಿರ್ದೇಶಕ ಅದನ್ನೇ ಮತ್ತೆ ನೋಡುತ್ತಾನೆ. ಆಮೇಲೆ ನಾಳೆಯೂ ಇಷ್ಟೇ ಹೊತ್ತಿಗೆ ಬರಬೇಕೆನ್ನುತ್ತಾನೆ.

ಆಟದ ಕೊನೆಗೆ ದುಡಿದವರ ಹೆಸರು ಹಾಕುತ್ತಾರಂತೆ, ನಿಮ್ಮದನ್ನೂ ಹಾಕಲು ಕೇಳಿದಿರಾ ಎಂದರೆ ಬೀಳಕ್ಕ ಇಲ್ಲವೆಂದು ತಲೆಯಾಡಿಸುತ್ತಾರೆ.

“ಅತ್ತಿಗೇದು ಹಾಕಿ ಅಂದಿದೀನಿ. ನಂದು ಜಾಗ ಉಳಿದ್ರೆ ನೋಡೋಣ.”