ಹತಾರಿ ಅಂದರೆ ಹತ್ರಿ

ನೀವು ಇದನ್ನು ನಂಬುವುದಿಲ್ಲ. ಗಂಗಾವತಿ ಬಸ್ ಸ್ಟ್ಯಾಂಡಿನ ಚಹಾದಂಗಡಿಯವನೇ ನಂಬಿಲ್ಲ, ಇನ್ನು ನೀವು ಯಾವ ಗಿಡದ ತಪ್ಪಲು? ಆದರೂ ಒಂದು ಪಂಥ ಕಟ್ಟುತ್ತೇನೆ. ಇದರಲ್ಲಿ ಒಂದೇ ಒಂದು ಸುಳ್ಳಿದೆ. ಓದಿ ಮುಗಿಸುವುದರೊಳಗೆ ಬೆರಳಿಟ್ಟು ತೋರಿಸಿ.

ನಾನು ಹನುಮಂತಪ್ಪ, ಅಕ್ಕಿ ಮಿಲ್ಲಿನ ಮಿಸ್ತ್ರಿ. ಬಾಗಿಲಲ್ಲಿ ನಿಂತು ಸದ್ದು ಕೇಳಿಯೇ ಯಾವ ಬೇರಿಂಗ್ ಸವೆದಿದೆ ಎಂದು ಹೇಳುವವರು ನಮ್ಮ ಸೀಮೆಯಲ್ಲಿ ಇಬ್ಬರೇ. ಇನ್ನೊಬ್ಬನಿಗೆ ಕಲಿಸಿದವನೂ ನಾನೇ. ಅದಕ್ಕೇ ತಾಂಜಾನಿಯಾದಲ್ಲಿ ಮಿಲ್ಲು ಹಾಕಿದ ಸಾಹುಕಾರರು, ಅರವತ್ತು ದಾಟಿದ ಈ ಮುದುಕನಿಗೆ ಫೋನ್ ಮಾಡಿ ಕರೆಸಿಕೊಂಡರು. ಒಬ್ಬ ವೆಲ್ಡರ್ ಕೂಡ ಬೇಕೆಂದರು. ಯಲಬುರ್ಗಾದ ಶರಣಪ್ಪನನ್ನು ಎಳೆದುಕೊಂಡು ಹೊರಟೆ. ಅವನು ನನ್ನ ವಾರಿಗೆಯವನು, ಕೊಪ್ಪಳ ದಾಟಿದರೆ ನಿದ್ದೆ ಬಾರದ ಮನುಷ್ಯ.

"ಎಷ್ಟ್ ದೂರ ಐತಲೇ ಹನಮ್ಯಾ?" ಎಂದು ಗಂಗಾವತಿಯಲ್ಲಿ ಕೇಳಿದ.

"ಕುಷ್ಟಗಿಕಿಂತ ಒಂದ್ ಚೂರು ಮುಂದ."

"ಹತ್ರಿ, ಹತ್ರಿ!" ಎಂದು ಕಂಡಕ್ಟರ್ ಕೂಗಿದ. ಹತ್ತಿದೆವು. ಬೆಂಗಳೂರು, ಅಲ್ಲಿಂದ ಎರಡು ವಿಮಾನ, ಆಮೇಲೆ ದಾರ್ ಎಸ್ ಸಲಾಂ. ಅಲ್ಲಿನ ಸೆಕೆ ನಮ್ಮ ಬೇಸಿಗೆಯದೇ, ಮೈಗೆ ಅಂಟುವುದು ಮಾತ್ರ ಹೆಚ್ಚು. ಮರುದಿನ ನಸುಕಿನಲ್ಲಿ ಬಸ್ಸು. ಮೊರೊಗೊರೊ ದಾಟಿದ ಮೇಲೆ ಕಾಡು ಬಂತು, ರಸ್ತೆಗೆ ಅಡ್ಡ ಒಂದು ಜಿರಾಫೆ ನಿಂತಿತ್ತು. ಅದು ತಾನಾಗಿ ಸರಿಯುವ ತನಕ ಡ್ರೈವರ್ ಹಾರ್ನ್ ಕೂಡ ಹಾಕಲಿಲ್ಲ.

"ನಮ್ಮಲ್ಲಿ ಎಮ್ಮಿ, ಇವರಿಗೆ ಇದು," ಎಂದ ಶರಣಪ್ಪ.

ಸಂಜೆಗೆ ಭತ್ತದ ಕಣಿವೆ ಸಿಕ್ಕಿತು. ಬೆಳ್ಳಕ್ಕಿ, ಕೆಸರಿನಲ್ಲಿ ಹೂತ ಟ್ರ್ಯಾಕ್ಟರ್, ಅದನ್ನು ನೂಕುವವರಿಗಿಂತ ಬುದ್ಧಿ ಹೇಳುವವರೇ ಹೆಚ್ಚು. ನಮ್ಮ ಕಾರಟಗಿಯಲ್ಲೇ ಇಳಿದ ಹಾಗಾಯಿತು. ಹಿಂದುಳಿದ ದೇಶ ಎಂದು ಊರಲ್ಲಿ ಹೆದರಿಸಿದ್ದರು. ಕರೆಂಟು ಹೋದಾಗ ಮಿಲ್ಲಿನ ಜನ ಬೈದ ಧಾಟಿ ಕೇಳಿದ ಮೇಲೆ ನನಗೆ ಪರದೇಶ ಅನಿಸಲೇ ಇಲ್ಲ. ಭಾಷೆಯೂ ಅರ್ಧ ನಮ್ಮದೇ. ಅಂಗಡಿಗೆ ದುಕಾ, ಔಷಧಿಗೆ ದಾವಾ, ಸಿದ್ಧ ಅನ್ನುವುದಕ್ಕೆ ತಯಾರಿ. ಉಳಿದರ್ಧವನ್ನು ಕೈಸನ್ನೆಯಲ್ಲಿ ಮುಗಿಸುತ್ತಿದ್ದೆ. ಕರೆಂಟಿನ ಬೋರ್ಡಿನ ಮೇಲೆ ಕೆಂಪು ತಲೆಬುರುಡೆ, ಅದರ ಕೆಳಗೆ ಇಂಗ್ಲಿಷ್ ಅಕ್ಷರದಲ್ಲಿ ಅವರ ಭಾಷೆಯ ಒಂದು ಪದ. "ನಮಸ್ಕಾರ್ರಿ ಸಾವ್ಕಾರ್ರ" ಎಂದು ಬುರುಡೆಗೆ ಕೈಮುಗಿದೇ ದಿನಾ ಸ್ವಿಚ್ ಒತ್ತುತ್ತಿದ್ದೆ.

ಶರಣಪ್ಪನಿಗೆ ಮಾತ್ರ ಊಟ ಒಗ್ಗಲಿಲ್ಲ. ಅಲ್ಲಿಯವರದು ಮೆಕ್ಕೆಜೋಳದ ಬಿಳಿ ಮುದ್ದೆ. ಅದೇ ಹಿಟ್ಟಿನಲ್ಲಿ ರೊಟ್ಟಿ ಬಡಿಯಲು ಹೋಗಿ ದಿನಾ ಸೋಲುತ್ತಿದ್ದ. ನಾನು ಮಿಲ್ಲಿನವರಿಗೆಲ್ಲ ನಮ್ಮೂರ ನಮಸ್ಕಾರ ಹೀಗೇ ಎಂದು ಒಂದು ಮಾತು ಕಲಿಸಿದೆ. ಬೆಳಿಗ್ಗೆ ಎದ್ದರೆ ಒಬ್ಬೊಬ್ಬರೂ ಎದೆಗೆ ಕೈಯಿಟ್ಟು, ಭಯಭಕ್ತಿಯಿಂದ ಅವನಿಗೆ ಹೇಳುವರು: "ಲೇ ಶರಣ್ಯಾ, ರೊಟ್ಟಿ ಆತೇನು?"

ದೊಡ್ಡ ಮಳೆ ಹಿಡಿಯಿತು. ಅದರ ಜೊತೆಗೆ ಶರಣಪ್ಪನಿಗೆ ಜ್ವರವೂ ಬಂತು. ಒಂದು ಬೆಳಿಗ್ಗೆ ಕಣ್ಣು ಹಳದಿಯಾಗಿ ಮಾತು ದಿಕ್ಕುತಪ್ಪತೊಡಗಿತು. ಊರಿನ ನರ್ಸಮ್ಮ ರಕ್ತ ನೋಡಿ, ಮಲೇರಿಯಾ ತಲೆಗೇರಿದೆ, ಇದಕ್ಕೆ ಔಷಧಿ ನದಿಯಾಚೆಯ ಆಸ್ಪತ್ರೆಯಲ್ಲಿ ಮಾತ್ರ ಇದೆ, ಈಗಲೇ ಹೊರಡಿ ಎಂದಳು. ಮಿಲ್ಲಿನ ಜೀಪು ನದಿಯ ತನಕ ಓಡಿತು. ಅಲ್ಲಿ ಸೇತುವೆ ಕಾಣಲಿಲ್ಲ, ಅದರ ಮೇಲೆ ನೀರು ಹರಿಯುತ್ತಿತ್ತು. ನೀರು ಇಳಿಯಲು ಎಷ್ಟು ಹೊತ್ತಾದೀತೆಂದು ಕೇಳಿದೆ. ಡ್ರೈವರ್ ಆಕಾಶ ನೋಡಿ, ನಾಳೆ ಅಥವಾ ನಾಡಿದ್ದು ಎಂದ. ಶರಣಪ್ಪನ ಮೈ ಒಲೆಯ ಹಾಗೆ ಸುಡುತ್ತಿತ್ತು.

ದಂಡೆಗೆ ಒಂದೇ ಮರ ಕೊರೆದು ಮಾಡಿದ ಸಪೂರ ದೋಣಿ ಕಟ್ಟಿತ್ತು. ಅದರ ಕಡೆ ಎರಡು ಹೆಜ್ಜೆ ಇಟ್ಟೆನೋ ಇಲ್ಲವೋ, ನೆರೆದ ಜನರೆಲ್ಲ ಕೈಯೆತ್ತಿ ಕೂಗತೊಡಗಿದರು: "ಹತಾರಿ! ಹತಾರಿ!"

ನನ್ನ ಕಿವಿಗೆ ಬಿದ್ದದ್ದು "ಹತ್ರಿ! ಹತ್ರಿ!" ಸಾಕ್ಷಾತ್ ಗಂಗಾವತಿ ಕಂಡಕ್ಟರನ ಕೂಗು. ಇಷ್ಟು ಮರ್ಯಾದೆಯಿಂದ ಕರೆದರೆ ಬಿಡುವುದುಂಟೇ? "ಹತ್ತೀವಿ ತಗೋರಿ, ಅದಕ್ಯಾಕ ಇಷ್ಟ್ ಗದ್ದಲ?" ಎಂದು ಶರಣಪ್ಪನನ್ನು ದೋಣಿಯಲ್ಲಿ ಮಲಗಿಸಿ ನಾನೂ ಕುಳಿತೆ. ಹತಾರಿ ಅಂದರೆ ಅಪಾಯ.

ದೋಣಿಯವನ ಹೆಸರು ಜುಮಾ. ಇಳಿ ಎಂದು ಗದರಿದ. ನಾನು ಅಲ್ಲಾಡಲಿಲ್ಲ. ಅವನು ಬಗ್ಗಿ ಶರಣಪ್ಪನ ಮುಖ ನೋಡಿದ. "ಮಲೇರಿಯಾ?" ಎಂದ. ತಲೆಯಾಡಿಸಿದೆ. ಚಪ್ಪಲಿ ಕಳಚಿ ದಂಡೆಗೆ ಎಸೆದು, ಗಳ ಹಿಡಿದು ನಿಂತ.

ಹರಿವಿಗೆ ಸಿಕ್ಕಿದ್ದೇ ದೋಣಿ ಹೊರಳಾಡಿತು. ನಾನು ತುಂಗಭದ್ರಾ ಕಾಲುವೆ ಈಜಿದವನು, ಅಂಥವನೂ ದೋಣಿಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ಶರಣಪ್ಪ ಕಣ್ಣು ಮುಚ್ಚಿಕೊಂಡೇ ಕೇಳಿದ: "ಕಂಡಕ್ಟರ್ ಸಾಹೇಬ್ರ, ಯಲಬುರ್ಗಾ ಬಂದ್ರ ಎಬ್ಬಸ್ರಿ."

"ಮಕ್ಕೋಬ್ಯಾಡ್ರಿ, ಸ್ಟಾಪ್ ತಪ್ಪತೈತಿ," ಎಂದೆ. "ಈಗ ಕೊಪ್ಪಳ."

"ಹ್ಞೂಂ."

"ಭಾನಾಪುರ!"

"ಹ್ಞೂಂ."

ಕುಕನೂರು ಅನ್ನುವಷ್ಟರಲ್ಲಿ ಮುಂದೆ ಒಂದು ನೀರಾನೆ ಎದ್ದಿತು. ಮೊದಲು ಕಿವಿ, ಆಮೇಲೆ ಬಂಡೆಯಂಥ ಬೆನ್ನು. ಜುಮಾ ಗಳ ಊರಿ ಕಲ್ಲಾದ.

"ಯಾಕ್ರೀ ನಿಂದ್ರಿಸಿದ್ರಿ?"

"ಎಮ್ಮಿ ಅಡ್ಡ ಬಂದಾವ್ರಿ."

ಅದು ಮುಳುಗಿತು. ಎಲ್ಲಿ ಮುಳುಗಿತು ಎಂದು ತಿಳಿಯದೆ ಹೋಗುವುದು ಅದನ್ನು ನೋಡುವುದಕ್ಕಿಂತ ಕೆಟ್ಟದ್ದು. ಆಚೆ ದಂಡೆ ಇನ್ನೂ ದೂರವಿತ್ತು. ಯಲಬುರ್ಗಾ ಅಂದುಬಿಟ್ಟರೆ ಇವನು ಇಳಿದೇ ಹೋದಾನು ಎಂಬ ಹೆದರಿಕೆ ನನಗೆ. ಅದಕ್ಕೇ ಭೂಮಿಯ ಮೇಲಿಲ್ಲದ ಸ್ಟಾಪುಗಳನ್ನು ಹುಟ್ಟಿಸುತ್ತ ಹೋದೆ. ಹುಣಸಿಗಿಡ! ಮುರುಕ ಬಾವಿ! ಗೌಡರ ಹೊಲ! ಅಲ್ಲಿಗೆ ಅವನ ಹ್ಞೂಂ ನಿಂತಿತು.

"ಟಿಕೆಟ್ ತಗೀರಿ!" ಎಂದು ಕೂಗಿದೆ. ಕೆನ್ನೆಗೆ ತಟ್ಟಿದೆ. ಜುಮಾ ನನ್ನ ಮುಖ ನೋಡದೆ ಗಳ ಒತ್ತುತ್ತಿದ್ದ. "ಟಿಕೆಟ್ ಇಲ್ಲಂದ್ರ ಇಲ್ಲೇ ಇಳಸ್ತೀನಿ ನೋಡ್ರಿ!"

ಶರಣಪ್ಪನ ಕೈ ಮೆಲ್ಲಗೆ ಎದ್ದು ಅಂಗಿಯ ಕಿಸೆ ಹುಡುಕತೊಡಗಿತು.

ದೋಣಿಯ ಮೂತಿ ಕೆಸರಿಗೆ ತಾಗಿದಾಗ "ಯಲಬುರ್ಗಾ!" ಎಂದೆ. ಜುಮಾ ಅವನನ್ನು ಹೆಗಲ ಮೇಲೆ ಹೊತ್ತು ದಂಡೆ ಹತ್ತಿದ. ಆಸ್ಪತ್ರೆಯಲ್ಲಿ ಬಾಟಲಿ ಏರಿಸಿದರು. ಇನ್ನೊಂದು ರಾತ್ರಿ ತಡೆಯುತ್ತಿರಲಿಲ್ಲ ಎಂದರು ಡಾಕ್ಟರಮ್ಮ. ನೀರಿಳಿದ ಮೇಲೆ ಮಿಲ್ಲಿನವರು ನೋಡಲು ಬಂದರು, ಮಂಚದ ಸುತ್ತ ನಿಂತು, ಎದೆಗೆ ಕೈಯಿಟ್ಟು, ಒಟ್ಟಿಗೆ ಕೇಳಿದರು: "ಲೇ ಶರಣ್ಯಾ, ರೊಟ್ಟಿ ಆತೇನು?" ಅವನು ಗೋಡೆಯ ಕಡೆ ಹೊರಳಿ ಅತ್ತ.

ಕೆಲಸ ಮುಗಿಸಿ ಊರಿಗೆ ಮರಳಿದೆವು. ಅವನನ್ನು ಮನೆ ಮುಟ್ಟಿಸಲು ಯಲಬುರ್ಗಾಕ್ಕೂ ಹೋದೆ. ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕವರಿಗೆಲ್ಲ ಅವನದು ಒಂದೇ ಮಾತು: "ಈ ಮಗ ಹತಾರಿ ಅಂದ್ರ ಹತ್ರಿ ಅಂತ ತಿಳಕೊಂಡ ನೋಡ್ರಿ! ಇವನ ದಡ್ಡತನದಿಂದ ಉಳದೀನಿ ನಾನು!" ನನ್ನ ಬಸ್ಸು ಹೊರಟಾಗ ಎರಡೂ ಕೈಯೆತ್ತಿ "ಹತಾರಿ! ಹತಾರಿ!" ಎಂದು ಕೂಗಿದ. ಕಿಟಕಿಯಿಂದ ತಿರುಗಿ ನೋಡಿದರೆ ಇನ್ನೂ ನಗುತ್ತಲೇ ನಿಂತಿದ್ದ.

ಈಗ ಬೆರಳಿಡಿ. ಜಿರಾಫೆಯೇ? ನಿಜ. ನೀರಾನೆ? ಅದೂ ನಿಜ, ಬೇಕಾದರೆ ಜುಮಾನನ್ನು ಕೇಳಿ. ಸುಳ್ಳು ನನ್ನ ಕಿವಿಯದು. ಮಿಲ್ಲಿನ ಬುರುಡೆಯ ಕೆಳಗೆ ಬರೆದಿದ್ದ ಪದ ಅದೇ, ಹತಾರಿ. ಅದನ್ನು ಓದಿಯೇ ನಾನು ದಿನಾ ಕೈಮುಗಿಯುತ್ತಿದ್ದೆ. ದಂಡೆಯ ಮೇಲೆ ಅವರು ಕೂಗಿದ್ದು ನನಗೆ ಸರಿಯಾಗಿಯೇ ಕೇಳಿಸಿತ್ತು. ಯಲಬುರ್ಗಾ ಕಡೆ ಹೋದರೆ ಶರಣಪ್ಪನಿಗೆ ಮಾತ್ರ ಹೇಳಬೇಡಿ.