ಎಣಿಸದೆ ಬಿಟ್ಟ ಓಟು

ಈಗ ಇಲ್ಲದ ಒಂದು ವಿಧಾನಸಭಾ ಕ್ಷೇತ್ರದ ಚರಿತ್ರೆ ಬರೆದುಕೊಡು ಎಂದು ನಮ್ಮ ಬಡಾವಣೆಯ ನಿವಾಸಿಗಳ ಸಂಘದ ಕಾರ್ಯದರ್ಶಿಗಳು ನನ್ನನ್ನು ಕೇಳಿದ್ದು, ನಾನು ಕಾಲೇಜಿನಲ್ಲಿ ಚರ್ಚಾಸ್ಪರ್ಧೆಯ ಬಹುಮಾನಗಳನ್ನು ತರುತ್ತಿದ್ದೆ ಎಂಬ ಒಂದೇ ಕಾರಣಕ್ಕೆ. ಸಂಘದ ಸ್ಮರಣ ಸಂಚಿಕೆಗೆ ಎರಡು ಪುಟ ಬೇಕಿತ್ತು. ಮರುವಿಂಗಡಣೆಯಲ್ಲಿ ಹೋಳಾಗಿ ಹೋದ ನಮ್ಮ ಹಳೆಯ ಕ್ಷೇತ್ರದಲ್ಲಿ ಯಾವ ಚುನಾವಣೆಯಲ್ಲಿ ಯಾರು ಗೆದ್ದರು, ಎಷ್ಟು ಅಂತರದಲ್ಲಿ, ಅಷ್ಟೇ. "ಪಟ್ಟಿ ಥರ ಇರ್ಲಮ್ಮ. ಜಾಸ್ತಿ ವಾದ ಬೇಡ," ಎಂದಿದ್ದರು. ನಿವೃತ್ತ ಅಧಿಕಾರಿ, ವಾದ ಎಂದರೆ ಅವರಿಗೆ ಕಡತದೊಳಗೆ ಹೊಕ್ಕ ಇರುವೆ.

ಪಟ್ಟಿ ಮಾಡಿದೆ. ಮಾಡುತ್ತ ಮಾಡುತ್ತ ಸಿಟ್ಟು ಬಂತು. ಆ ಕ್ಷೇತ್ರ ಹೇಗಿತ್ತು ಎಂದು ಗೆದ್ದವರ ಪಟ್ಟಿ ಹೇಳುವುದೇ ಇಲ್ಲ. ಒಂದು ಕಡೆ ಗಿರಣಿ ಕೆಲಸಗಾರರ ಬೀದಿಗಳು, ಇನ್ನೊಂದು ಕಡೆ ರಾಗಿ ಹೊಲ, ನಡುವೆ ಕಲ್ಲು ನೆಟ್ಟು ಬಿಟ್ಟ ಸೈಟುಗಳು. ಗಿರಣಿ ಮುಚ್ಚಿತು, ಹೊಲಗಳು ಲೇಔಟುಗಳಾದವು, ಗೆಲ್ಲುವ ಪಕ್ಷವೂ ಬದಲಾಯಿತು. ಬದಲಾಗದೆ ಉಳಿದದ್ದು ಕಾವೇರಿ ನೀರಿನ ಭರವಸೆ ಮಾತ್ರ. ಕೊನೆಗೆ ನಕ್ಷೆಯ ಮೇಲೆ ಹೊಸ ಗೆರೆ ಎಳೆದು ಕ್ಷೇತ್ರವನ್ನೇ ಅಳಿಸಿದರು.

ಪಟ್ಟಿಯನ್ನು ಅಜ್ಜಿಗೆ ಓದಿ ಹೇಳಿದೆ. ಚಂದ್ರಾ ಲೇಔಟಿನ ಪಕ್ಕದಲ್ಲಿ ಈಗ ಎರಡು ಬೀದಿಗಳಷ್ಟೇ ಉಳಿದಿರುವ ಹಳ್ಳಿಗೆ ಸೊಸೆಯಾಗಿ ಬಂದವಳು ಅವಳು.

"ಕೊನೇ ಸಲದ್ದು ಇನ್ನೊಂದ್ಸಲ ಓದೇ," ಎಂದಳು. "ಅದ್ರಲ್ಲಿ ನನ್ ಓಟು ಸೇರಿಲ್ಲ."

"ನೀನು ಹಾಕಿರ್ಲಿಲ್ವಾ?"

"ಹಾಕ್ದೆ. ಅವ್ರು ಎಣಿಸ್ಲಿಲ್ಲ."

ಆ ದಿನ ಅಜ್ಜಿಯ ಸೆರಗು ಹಿಡಿದು ಶಾಲೆಯ ಮತಗಟ್ಟೆಗೆ ಹೋಗಿದ್ದ ಮಗು ನಾನೇ. ನನಗೆ ನೆನಪಿರುವುದು ಒಂದು ದೊಡ್ಡ ನಗು ಮಾತ್ರ. ಮಗುವಿನ ನೆನಪನ್ನು ಸಾಕ್ಷಿಯೆಂದು ನಾನೇ ಒಪ್ಪುವುದಿಲ್ಲ. ಹಾಗಾಗಿ ಅಜ್ಜಿಯನ್ನು ಮೂರು ದಿನ ಮೂರು ಬಗೆಯಲ್ಲಿ ಪಾಟೀಸವಾಲಿಗೆ ಒಡ್ಡಿದೆ. ಒಂದು ಎಳೆಯೂ ಅಲ್ಲಾಡಲಿಲ್ಲ.

ನಡೆದದ್ದಿಷ್ಟು. ಸುತ್ತಲ ಹಳ್ಳಿಗಳಿಗೆಲ್ಲ ಒಬ್ಬಳೇ ದೇವತೆ. ಮನೆಗೊಂದು ಹೆಣ್ಣಿಗೆ ಅವಳ ಹೆಸರಿಡುವುದು ಪದ್ಧತಿ. ಆ ಹೆಣ್ಣುಗಳೇ ಒಬ್ಬರ ಊರಿಗೆ ಇನ್ನೊಬ್ಬರು ಸೊಸೆಯರು. ಮತದಾರರ ಪಟ್ಟಿಯಲ್ಲಿ ಅಂಥವರನ್ನು ಬೇರೆ ಮಾಡಿ ತೋರಿಸುವುದು ಪಕ್ಕದಲ್ಲಿ ಅಚ್ಚಾದ ಗಂಡನ ಹೆಸರೊಂದೇ. ಅದನ್ನೋ, ಆ ಹೆಂಗಸರು ಸತ್ತರೂ ಬಾಯಿಬಿಟ್ಟು ಹೇಳುವವರಲ್ಲ. ಅಜ್ಜಿಗಿಂತ ಮುಂದೆ ಅದೇ ಹೆಸರಿನ ಪಕ್ಕದ ಬೀದಿಯ ಹೆಂಗಸು ಹೋದರು. ಗಂಡನ ಹೆಸರೇನು ಎಂದು ಕೇಳಿದಾಗ ತಲೆ ತಗ್ಗಿಸಿ ನಿಂತರು. ಗುರುತಿನ ಚೀಟಿ ತಿರುಗಿಸಿ ನೋಡುವ ತಾಳ್ಮೆ ಯಾರಿಗಿತ್ತು? ಅಧಿಕಾರಿ ಆ ಹೆಸರಿನ ಮೊದಲ ಸಾಲಿಗೇ ಗೆರೆ ಎಳೆದರು. ಆ ಮೊದಲ ಸಾಲು ನನ್ನ ಅಜ್ಜಿಯದು.

"ನಿಮ್ದು ಆಗ್ಲೇ ಬಿದ್ದಿದೆಯಮ್ಮ," ಎಂದರಂತೆ ಅಜ್ಜಿಗೆ.

"ನಾನು ಈಗ ಬರ್ತಾ ಇದೀನಲ್ಲಪ್ಪಾ, ಬೀಳೋದು ಹೆಂಗೆ?"

ಅಧಿಕಾರಿಗೆ ತಪ್ಪು ಗೊತ್ತಾಯಿತು. ದನಿ ತಗ್ಗಿಸಿದರು. "ಆಯಮ್ಮನ ಸಾಲು ಖಾಲಿ ಇದೆ. ಹೆಸರೂ ಒಂದೇ. ಅದ್ರಲ್ಲೇ ಹಾಕ್ಬಿಡಿ, ಸರಿಹೋಗುತ್ತೆ."

"ಅಂದ್ರೆ? ಅವಳ ಗಂಡನ ಹೆಂಡ್ತಿ ಅಂತ ನಾನ್ ಓಟ್ ಹಾಕ್ಲಾ?"

"ಹಾಗಾದ್ರೆ ನಿಮ್ಮ ಯಜಮಾನ್ರ ಹೆಸರು ಹೇಳಿ. ಗುರುತು ಸಿಗದೆ ನಾನೇನೂ ಮಾಡಕ್ಕಾಗಲ್ಲ."

ಮದುವೆಯಾದಾಗಿನಿಂದ ತಾತನನ್ನು 'ಇವರು' ಎಂದಷ್ಟೇ ಕರೆದಿದ್ದ ಅಜ್ಜಿ, ಊರವರೆಲ್ಲ ತುಂಬಿದ್ದ ಆ ಕೋಣೆಯಲ್ಲಿ, ಅವರ ಹೆಸರನ್ನು ಗಟ್ಟಿಯಾಗಿ ಹೇಳಿದಳು. ಹೊರಗೆ ಗಂಡಸರ ಸಾಲಿನಲ್ಲಿದ್ದ ತಾತ, "ಇಲ್ಲೇ ಇದೀನಿ ಸಾರ್!" ಎಂದು ಕೈಯೆತ್ತಿದರಂತೆ.

"ಕರೆದಿದ್ದು ಸಾರ್ ಅಲ್ಲ ಕಣಣ್ಣೋ, ಅತ್ತಿಗೆ!" ಎಂದರು ಹಿಂದಿದ್ದವರು ಯಾರೋ. ನನಗೆ ನೆನಪಿರುವ ನಗು ಅದು.

ಆಮೇಲೆ ಅಜ್ಜಿಗೆ ಒಂದು ಕಾಗದದ ಮತಪತ್ರ ಕೊಟ್ಟರು. ಒಬ್ಬರ ಹೆಸರಲ್ಲಿ ಬೇರೆಯವರು ಆಗಲೇ ಹಾಕಿಬಿಟ್ಟಿದ್ದರೆ ಕೊಡಬೇಕಾದದ್ದು ಅದು. ಮುದ್ರೆ ಒತ್ತಿದ ಮೇಲೆ ಪೆಟ್ಟಿಗೆಗೂ ಅಲ್ಲ, ಯಂತ್ರಕ್ಕೂ ಅಲ್ಲ, ಒಂದು ಕವರಿಗೆ ಹೋಗುತ್ತದೆ. ಅಧಿಕಾರಿ ಸುಳ್ಳು ಹೇಳಲಿಲ್ಲ: "ಇದನ್ನ ಎಣಿಸಲ್ಲಮ್ಮ. ಕೋರ್ಟು ಹೇಳಿದ್ರೆ ಮಾತ್ರ ತೆಗೀತಾರೆ."

"ಎಣಿಸೋದು ನಿಮ್ ಕೆಲ್ಸ. ಹಾಕೋದು ನಂದು," ಎಂದು ಅಜ್ಜಿ ಹೊರಗೆ ಬಂದಳು.

ಯಾರೂ ಕೋರ್ಟಿಗೆ ಹೋಗಲಿಲ್ಲ. ಮುಂದಿನ ಚುನಾವಣೆಯ ಹೊತ್ತಿಗೆ ಆ ಕ್ಷೇತ್ರವೇ ಇರಲಿಲ್ಲ.

ನಾನು ಎರಡನೆಯ ಪುಟದಲ್ಲಿ ಇದನ್ನೇ ಬರೆದೆ. ಕಾರ್ಯದರ್ಶಿಗಳು ದರ್ಶಿನಿಯಲ್ಲಿ ನಿಂತು ಕಾಫಿ ಆರುವವರೆಗೂ ಓದಿದರು.

"ಇದ್ರಿಂದ ಫಲಿತಾಂಶ ಬದಲಾಯ್ತೇನಮ್ಮ?"

"ಇಲ್ಲ ಸಾರ್."

"ಮತ್ತೆ? ಲೆಕ್ಕಕ್ಕೇ ಬರದ ಓಟು ಚರಿತ್ರೆ ಹೆಂಗಾಗುತ್ತೆ?"

"ನಿಮ್ಮ ಓಟು ತೆಗೆದ್ರೂ ಯಾವ ಫಲಿತಾಂಶನೂ ಬದಲಾಗಲ್ಲ ಸಾರ್. ತೆಗೆದುಬಿಡ್ಲಾ?"

ಅವರು ನಗಲಿಲ್ಲ. ಆರಿದ ಕಾಫಿ ಕೆಳಗಿಟ್ಟು ರಾಜಿಗೆ ಬಂದರು: ಹಿರಿಯರೊಬ್ಬರು ಉತ್ಸಾಹದಿಂದ ಮತ ಚಲಾಯಿಸಿದರು ಎಂದು ಒಂದು ಸಾಲು, ಜೊತೆಗೆ ಅಜ್ಜಿಯ ಫೋಟೊ. ಎಣಿಸಲಿಲ್ಲ ಎಂಬುದು ಮಾತ್ರ ಬೇಡ, ಬಡಾವಣೆಗೆ ಶೋಭೆಯಲ್ಲ.

ಚರ್ಚೆಯಲ್ಲಿ ನಮಗೆ ಕಲಿಸುವ ಮೊದಲ ಪಾಠ, ಎದುರಾಳಿಯ ಮಾತಿನಲ್ಲಿ ಒಪ್ಪಬಹುದಾದದ್ದನ್ನು ಹುಡುಕು ಎಂಬುದು. ಹುಡುಕಿದೆ. ಫೋಟೊ ಚೆನ್ನಾಗಿ ಬರುತ್ತಿತ್ತು, ಅಷ್ಟೇ. ಬೇರೆಯವಳ ಸಾಲಿನಲ್ಲಿ ಸಹಿ ಮಾಡಿದ್ದರೆ ಅಜ್ಜಿಯ ಓಟು ಎಣಿಕೆಗೆ ಬರುತ್ತಿತ್ತು. ಎಣಿಸದಿದ್ದರೂ ಪರವಾಗಿಲ್ಲ, ತನ್ನ ಹೆಸರಲ್ಲೇ ಹಾಕುತ್ತೇನೆ ಎಂದಳು. ಆ ಕ್ಷೇತ್ರದಲ್ಲಿ ಗೆದ್ದವರು ಯಾರಾದರೂ ಅಷ್ಟು ದೊಡ್ಡ ಲಾಭ ಕೈಬಿಟ್ಟದ್ದನ್ನು ನಾನು ಎಲ್ಲೂ ಓದಿಲ್ಲ. ಎರಡೂ ಪುಟ ವಾಪಸು ತೆಗೆದುಕೊಂಡು ಬಂದೆ.

ಸಂಚಿಕೆ ಹೊರಬಂತು. ಯಾರೋ ಹೊಸದಾಗಿ ಮಾಡಿದ ಪಟ್ಟಿ ಅದರಲ್ಲಿದೆ, ನೂರಕ್ಕೆ ಸರಿಮಾಡಿದ ಅಂಕಿಗಳೊಂದಿಗೆ. ಕೊನೆಯ ಚುನಾವಣೆಯ ಸಾಲಿನಲ್ಲಿ ನನ್ನ ಲೆಕ್ಕಕ್ಕೆ ಒಂದು ಓಟು ಕಡಿಮೆಯಿದೆ. ಅದು ಯಾವ ಅಭ್ಯರ್ಥಿಯದೆಂದು ನನಗೆ ಗೊತ್ತಿರಲಿಲ್ಲ. ಅವರೆಕಾಳು ಹಿದುಕುತ್ತ ಕೂತಿದ್ದ ಅಜ್ಜಿಯನ್ನು ಕೇಳಿದೆ: "ಹೆಂಗಿದ್ರೂ ಎಣಿಸಿಲ್ಲ. ಯಾರಿಗ್ ಹಾಕ್ದೆ, ಈಗಾದ್ರೂ ಹೇಳು."

ಅಜ್ಜಿ ತಲೆಯೆತ್ತಲಿಲ್ಲ.

"ಎಣಿಸ್ಲಿಲ್ಲ ಅಂದ್ಮಾತ್ರಕ್ಕೆ ಗುಟ್ಟು ಬಿಟ್ಕೊಡಕ್ಕಾಗುತ್ತೇನೇ? ಹೋಗೇ."