ನೌಕರಿಯೋ, ತಿರುಗಾಟವೋ

ನನ್ನ ತಂಗಿ ಒಮ್ಮೆ ನನ್ನಲ್ಲಿ ಸಲಹೆ ಕೇಳಿದ್ದಳು. ನಾನು ಕೊಡಲಿಲ್ಲ, ಕೊಟ್ಟಂತೆ ಮಾಡಿದೆ. ಇವೆರಡರ ನಡುವಿನ ಅಂತರ ಆಗ ನನಗೆ ಕಂಡಿರಲಿಲ್ಲ ಎಂದರೆ ನೀವು ನಂಬಬೇಡಿ. ಕಂಡಿತ್ತು.

ಮಕ್ತಲ್‌ನ ದೊಡ್ಡ ರಸ್ತೆಯ ಪಕ್ಕ ನನ್ನದೊಂದು ಗ್ಯಾರೇಜ್ ಇದೆ. ಏಳನೆಯ ತರಗತಿಯಲ್ಲಿ ಶಾಲೆ ನನ್ನನ್ನು ಬಿಟ್ಟಿತೋ, ನಾನು ಅದನ್ನು ಬಿಟ್ಟೆನೋ, ಆಮೇಲೆ ಒಬ್ಬರನ್ನೊಬ್ಬರು ವಿಚಾರಿಸಿಕೊಳ್ಳಲಿಲ್ಲ. ಮನೆಯ ಓದೆಲ್ಲ ತಂಗಿ ಮಾಳಮ್ಮನ ಪಾಲಿಗೆ ಹೋಯಿತು. ಅವಳು ಈಗ ವಿಮಾ ಸರ್ವೇಯರ್. ಗುದ್ದಿಕೊಂಡ ಗಾಡಿಯನ್ನು ನೋಡಿ, ಯಾವ ಪೆಟ್ಟು ಹೊಸದು, ಯಾವುದು ಹಳೆಯದು, ಪರಿಹಾರ ಎಷ್ಟು ಕೊಡಬಹುದು ಎಂದು ಕಂಪನಿಗೆ ವರದಿ ಬರೆಯುವ ಕೆಲಸ. ಯಾವ ಕಂಪನಿಯ ನೌಕರಿಯಲ್ಲೂ ಇಲ್ಲ. ಫೋನ್ ಬಂದ ಕಡೆಗೆ ಸ್ಕೂಟಿ ಓಡಿಸುತ್ತಾಳೆ. ಬರೆದ ವರದಿಗೆ ಫೀಸು.

ಗಾಡಿ ಮಾಲೀಕರು ಹಳೆಯ ಪೆಟ್ಟು, ಹೊಸ ಪೆಟ್ಟು ಎಂದು ಭೇದ ಮಾಡುವವರಲ್ಲ. ನಮ್ಮ ಸೀಮೆಯದೇ ಮದ್ದೂರಿನವರೊಬ್ಬರು, ಎಮ್ಮೆ ಅಡ್ಡ ಬಂದು ಕಾರಿನ ನಾಲ್ಕೂ ಕಡೆ ತಗ್ಗು ಬಿದ್ದಿದೆ ಎಂದು ಹಟ ಹಿಡಿದಿದ್ದರು.

"ಒಂದೇ ಎಮ್ಮಿ ಏನ್ರೀ?" ಎಂದು ಮಾಳಮ್ಮ ಕೇಳಿದಳು.

"ಒಂದೇ ಅವ್ವಾ, ದೇವರಾಣಿ."

"ಗುದ್ದಿದ ಮ್ಯಾಲ ಪ್ರದಕ್ಷಿಣಿ ಹಾಕೇತೇನ್ರೀ ಅದು?"

ಮಾಲೀಕರೂ ನಕ್ಕುಬಿಟ್ಟರು. ವರದಿಯಲ್ಲಿ ಮಾತ್ರ ಎಮ್ಮೆಯ ಪಾಲಿಗೆ ಒಂದೇ ಬಾಗಿಲು ಬಂತು.

ಇಂಥವಳಿಗೆ ಗದ್ವಾಲದ ಒಂದು ವಿಮಾ ಕಚೇರಿಯವರು ನೌಕರಿ ಕೊಡುತ್ತೇವೆಂದರು. ತಿಂಗಳ ಸಂಬಳ, ಭಾನುವಾರ ರಜೆ, ತಲೆಯ ಮೇಲೆ ಫ್ಯಾನು. ಆದರೆ ಆ ಒಂದೇ ಕಂಪನಿಯ ಕೆಲಸ, ಸಾಹೇಬರು ಹೇಳಿದ ಹೊತ್ತಿಗೆ. "ಅಣ್ಣಾ, ನೌಕ್ರಿ ಸೇರ್ಲೋ, ಹಿಂಗೇ ತಿರಗ್ಲೋ?" ಎಂದು ಕೇಳಿದಳು.

ನಮ್ಮದು ಬೀರಪ್ಪನಿಗೆ ನಡೆದುಕೊಳ್ಳುವ, ಕುರಿ ಕಾಯ್ದ ಮನೆತನ. ಅಜ್ಜ ಸ್ವಂತ ಹಿಂಡು ಕಾಯ್ದ. ಅವನ ತಮ್ಮ ಊರ ಗೌಡರ ಕುರಿಗಳನ್ನು ಸಂಬಳಕ್ಕೆ ಕಾಯ್ದ. ಒಂದೇ ಗುಡ್ಡ, ಒಂದೇ ಬಿಸಿಲು. ತೋಳದ ಸುಳಿವು ಸಿಕ್ಕರೆ ಅಜ್ಜನ ಎದೆಯೇ ಹೆಚ್ಚು ಹೊಡೆದುಕೊಳ್ಳುತ್ತಿತ್ತು. ಹಬ್ಬಕ್ಕೆ ಮನೆಗೆ ಬರಲು ಅವನ ತಮ್ಮ ಅಪ್ಪಣೆ ಕೇಳಬೇಕಿತ್ತು. ಯಾರ ಪಾಡು ಸುಖದ್ದು ಎಂದು ಇವತ್ತಿಗೂ ನನಗೆ ತಿಳಿಯದು. ತಿಳಿಯದು ಎಂದಿದ್ದರೆ ಸಾಕಿತ್ತು. ನಾನು ಅಜ್ಜನ ಕಥೆಯನ್ನು, ಅದೂ ತೋಳ ಬಿಟ್ಟು ಉಳಿದ ಅರ್ಧವನ್ನು ಹೇಳಿ, "ಮಂದಿ ಕೈ ಕೆಳಗ ಯಾಕ ದುಡೀತಿ? ಸ್ವಂತಕ್ಕ ಇರು, ರಾಣಿ ಇದ್ಹಂಗ" ಎಂದೆ.

ಕಾರಣ ಬೇರೆಯೇ ಇತ್ತು. "ಸರ್ವೇಯರಮ್ಮನ ಅಣ್ಣನ ಗ್ಯಾರೇಜ್" ಎಂದು ಸುತ್ತಲಿನವರು ಗುದ್ದಿದ ಗಾಡಿಗಳನ್ನೆಲ್ಲ ನನ್ನಲ್ಲಿಗೇ ಎಳೆದು ತರುತ್ತಿದ್ದರು. ಇಲ್ಲಿ ಬಿಟ್ಟರೆ ಪರಿಹಾರ ಸಲೀಸಾಗಿ ಸಿಗುತ್ತದೆಂದು ಅವರ ನಂಬಿಕೆ. ಹೌದೆಂದು ನಾನು ಯಾರಿಗೂ ಹೇಳಿರಲಿಲ್ಲ. ಅಲ್ಲವೆಂದೂ ಹೇಳಿರಲಿಲ್ಲ. ಆ ಮಾತು ಬಂದಾಗಲೆಲ್ಲ ಇಂಜಿನ್ನಿನೊಳಗೆ ತಲೆ ಹಾಕಿ ಏನೋ ಬಿಗಿಮಾಡುತ್ತಿದ್ದೆ. ಮೆಕ್ಯಾನಿಕ್ ಕೆಲಸದಲ್ಲಿ ಇದೊಂದು ಅನುಕೂಲ. ಅವಳು ಗದ್ವಾಲಕ್ಕೆ ಹೋಗಿ ಕೂತರೆ ನನ್ನ ಗ್ಯಾರೇಜಿನ ಆ ಹೆಸರೂ ಹೋಗುತ್ತಿತ್ತು.

ನನ್ನ ಮಾತು ಕೇಳಿ ಅವಳು ನೌಕರಿ ಬೇಡವೆಂದಳು. ಕೆಲವು ತಿಂಗಳ ಮೇಲೆ ಲಾರಿ ಮಾಲೀಕರೊಬ್ಬರು ಸಿಟ್ಟಿನಿಂದ ಬಂದರು. "ಏನಪಾ, ನಿನ್ನ ತಂಗಿ ಬರ್ತಾಳಂತ ಇಲ್ಲಿ ಬಿಟ್ರ, ನಾರಾಯಣಪೇಟಿಯಿಂದ ಯಾರೋ ಮುದುಕ ಬಂದು ಟಾರ್ಚ್ ಹಾಕಿ ಲಾರಿ ಹೊಟ್ಯಾಗೆಲ್ಲ ನೋಡಿ ಹೋಗ್ಯಾನ!"

ನನ್ನಲ್ಲಿಗೆ ಬೇರೆ ಸರ್ವೇಯರರೇ ಬರುತ್ತಿದ್ದುದನ್ನು ಕಂಪನಿಯವರ ಲೆಕ್ಕಾಚಾರ ಅಂದುಕೊಂಡಿದ್ದೆ. ಈಗ ವಿಚಾರಿಸಿದೆ. ಅಣ್ಣನ ಗ್ಯಾರೇಜಿಗೆ ಬಂದ ಗಾಡಿಗಳನ್ನು ತನಗೆ ಕೊಡಬೇಡಿ ಎಂದು ಮಾಳಮ್ಮನೇ ಕಂಪನಿಗಳಿಗೆಲ್ಲ ಮೊದಲೇ ಹೇಳಿಟ್ಟಿದ್ದಳು. ಮಕ್ತಲ್‌ನ ಗಾಡಿಗಳು ನನ್ನಲ್ಲಿಗೆ ಬಂದಷ್ಟೂ ಊರಿನ ಕೆಲಸ ಅವಳ ಕೈ ತಪ್ಪುತ್ತಿತ್ತು. ಹಾಗಾಗಿ ತುಂಗಭದ್ರೆಯ ದಂಡೆಯ ರಾಜೋಳಿಯವರೆಗೂ ಸ್ಕೂಟಿ ಓಡಿಸುತ್ತಿದ್ದಳು. ನನಗೆ ಒಂದು ಮಾತೂ ಅಂದಿರಲಿಲ್ಲ. ಅವಳು ಸೊಂಟಕ್ಕೆ ಪಟ್ಟಿ ಕಟ್ಟಿಕೊಳ್ಳುವುದನ್ನು ನೋಡಿ ನಾನು ರಸ್ತೆಯನ್ನು ಬೈದಿದ್ದೆ. ಪಾಪ, ರಸ್ತೆ ಏನು ಮಾಡೀತು?

ಇಷ್ಟು ತಿಳಿದ ಮೇಲೂ ಬಾಯಿ ಬಿಡಲಿಲ್ಲ. ತಂಗಿಗಿಂತ ಹಿರಿಯನಾಗಿರುವುದು ಇಂಥ ಹೊತ್ತಿನಲ್ಲಿ ಬಹಳ ಅಡ್ಡ ಬರುತ್ತದೆ.

ಮೊನ್ನೆ ಗದ್ವಾಲದವರು ಅವಳನ್ನು ಮತ್ತೆ ಕರೆದಿದ್ದಾರೆ. ಗ್ಯಾರೇಜಿಗೆ ಬಂದು ಹಳೆಯ ಟೈರಿನ ಮೇಲೆ ಕೂತು, ಚಹಾ ಊದುತ್ತ, "ಈ ಸಲ ಏನಂತಿಯಣ್ಣಾ? ಲಗೂನ ಹೇಳು, ನಾಳಿಗೆ ಮಾತು ಕೊಡಬೇಕು" ಎಂದಳು.

ಊರಲ್ಲಿ ಓದಿದವರು ಬೇಕಾದಷ್ಟು ಜನ ಇದ್ದಾರೆ. ಇವಳು ಮತ್ತೆ ನನ್ನನ್ನೇ ಕೇಳುತ್ತಿದ್ದಾಳೆ. ನಂಬಿದವರಿಗೆ ಒಮ್ಮೆ ಸುಳ್ಳು ಹೇಳುವುದು ಅಷ್ಟೇನೂ ಕಷ್ಟವಲ್ಲ. ಅವರು ಎರಡನೆಯ ಸಲ ನಂಬಿ ಬಂದಾಗ ಅದೇ ಸುಳ್ಳು ಬಾಯಿಗೆ ಬರುವುದಿಲ್ಲ.

"ಯಾವುದು ಚಲೋ ಅನ್ನೂದು ನನಗ ಗೊತ್ತಿಲ್ಲವ್ವಾ. ನಿನಗ ಹೆಂಗ ಅನಸ್ತೈತಿ ಹಂಗ ಮಾಡು. ನನ್ನ ಗ್ಯಾರೇಜಿನ ಚಿಂತಿ ಬಿಡು," ಎಂದೆ. ಅವಳು ಚಹಾ ಊದುವುದನ್ನು ನಿಲ್ಲಿಸಿ ನೋಡಿದಳು. ನಾನೇ ಮುಂದುವರಿಸಿದೆ: "ಆವಾಗ ನೀ ನಿನ್ನ ಸಲುವಾಗಿ ಕೇಳಿದ್ದಿ, ನಾ ನನ್ನ ಸಲುವಾಗಿ ಹೇಳಿದ್ನಿ. ತಪ್ಪಾತು ಮಾಳವ್ವಾ, ಹೊಟ್ಯಾಗ ಹಾಕ್ಕೋ."